ಮೈನಸ್ 30ರ ಚಳಿಯಲ್ಲಿ ದೂರ ಪ್ರಯಾಣ: ಬೈಕನ್ನು ಹೇಗೆ ಅಣಿಗೊಳಿಸಬೇಕು?

ದೂರದಾರಿ

ಎಲ್ಲರಿಗೂ ನಮಸ್ಕಾರ. ಚಳಿಗಾಲದ ನಟ್ಟನಡುವೆ ಒಂದು ದೊಡ್ಡ ಪ್ರಯಾಣ ಹೊರಡುವವನಿದ್ದೇನೆ. ದಾರಿಯ ಹೆಚ್ಚಿನ ಭಾಗದಲ್ಲಿ ಹಗಲು ಮೈನಸ್ 20 ಡಿಗ್ರಿಯ ಆಸುಪಾಸು ಇರುತ್ತದೆ, ರಾತ್ರಿ ಮೈನಸ್ 35ರವರೆಗೂ ಇಳಿಯಬಹುದು. ಬೈಕು 650 ಸಿಸಿಯದು: ಒಂಟಿ ಸಿಲಿಂಡರ್, ಕೂಲಂಟ್ ಹರಿಯುವ ಎಂಜಿನ್, ಫ್ಯೂಯಲ್ ಇಂಜೆಕ್ಷನ್, ಚೈನ್. ಸೊನ್ನೆಯ ಹತ್ತಿರದ ಚಳಿಯಲ್ಲಿ ಓಡಿಸಿ ರೂಢಿಯಿದೆ. ಅದಕ್ಕಿಂತ ಕೆಳಗಿನದು ನನಗೆ ಹೊಸದು.

ಎಲ್ಲಿ ಓದಿದರೂ ಬಿಸಿಯಾಗುವ ಜಾಕೆಟ್, ಬಿಸಿಯಾಗುವ ಕೈಗವಸುಗಳ ಮಾತೇ ಇದೆ, ಯಂತ್ರದ ಮಾತು ಕಡಿಮೆ. ಯಾವ ಎಣ್ಣೆ ಹಾಕಬೇಕು, ಬ್ಯಾಟರಿಯನ್ನು ಏನು ಮಾಡಬೇಕು, ರಾತ್ರಿ ಬಯಲಲ್ಲೇ ನಿಲ್ಲಿಸಬೇಕಾಗಿ ಬಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವುದು ಹೇಗೆ, ಇವು ನನ್ನ ಮುಖ್ಯ ಪ್ರಶ್ನೆಗಳು. ಹೊರಡಲು ಇನ್ನೂ ಕಾಲಾವಕಾಶವಿದೆ. ಬೈಕನ್ನು ಪೂರ್ತಿ ಬಿಚ್ಚಿ ಜೋಡಿಸಲೂ ಸಿದ್ಧನಿದ್ದೇನೆ.

ಕೀಲೆಣ್ಣೆ

ದೂರದಾರಿ ಅವರೇ, ಬಿಚ್ಚಿ ಜೋಡಿಸಲು ಸಿದ್ಧ ಎಂದಿರಿ, ಅಲ್ಲಿಂದಲೇ ಶುರು ಮಾಡಿ. ಬರಿಯ ಚಳಿ ಬೈಕಿಗೆ ಮಾಡುವ ಹಾನಿಗಿಂತ ಚಳಿಯ ಕೈಗೆ ಸಿಕ್ಕಿದ ನೀರು ಮಾಡುವ ಹಾನಿ ದೊಡ್ಡದು. ಕೇಬಲ್ಲಿನೊಳಗಿನ ತೇವ, ಟ್ಯಾಂಕಿನ ತಳದಲ್ಲಿ ಕೂತ ಹನಿ, ಎಂಜಿನ್ನಿನೊಳಗಿನ ಒತ್ತಡ ಹೊರಬಿಡುವ ಬ್ರೀದರ್ ಕೊಳವೆಯ ಆವಿ, ಬ್ರೇಕ್ ದ್ರವ ಹೀರಿಕೊಂಡ ನೀರು, ಸ್ವಿಚ್ಚಿನೊಳಗಿನ ಪಸೆ: ಇವೆಲ್ಲವನ್ನೂ ಬೆಚ್ಚಗಿನ ಕೋಣೆಯಲ್ಲಿ ಕೂತು ಹೊರಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧದ ಬಗ್ಗೆ ಒಂದೊಂದಾಗಿ ಹೇಳುತ್ತೇನೆ.

ಮೊದಲು ಎಂಜಿನ್ ಎಣ್ಣೆ. ಡಬ್ಬಿಯ ಮೇಲೆ ಡಬ್ಲ್ಯು ಅಕ್ಷರಕ್ಕೆ ಮುಂಚೆ ಬರುವ ಅಂಕಿಯೇ ನಿಮಗೆ ಬೇಕಾದದ್ದು. ಎಣ್ಣೆಯ ದಪ್ಪವನ್ನು ವರ್ಗೀಕರಿಸುವ ಎಸ್‌ಎಇ ಮಾನದಂಡದಲ್ಲಿ ಎಂಜಿನ್ನನ್ನು ತಿರುಗಿಸುವ ಪರೀಕ್ಷೆಯನ್ನು 20ಡಬ್ಲ್ಯು ಎಣ್ಣೆಗೆ ಮೈನಸ್ 15 ಡಿಗ್ರಿಯಲ್ಲಿ ಮಾಡುತ್ತಾರೆ. 10ಡಬ್ಲ್ಯುಗೆ ಮೈನಸ್ 25, 5ಡಬ್ಲ್ಯುಗೆ ಮೈನಸ್ 30, 0ಡಬ್ಲ್ಯುಗೆ ಮೈನಸ್ 35. ಪಂಪು ಎಣ್ಣೆಯನ್ನು ಎಳೆದುಕೊಳ್ಳಬಲ್ಲದೇ ಎಂಬ ಪರೀಕ್ಷೆ ಇದಕ್ಕಿಂತ ತಲಾ 5 ಡಿಗ್ರಿ ಕೆಳಗೆ ನಡೆಯುತ್ತದೆ. ನೀವು ಹೇಳಿದ ರಾತ್ರಿಗಳಿಗೆ ಪೂರ್ಣ ಸಿಂಥೆಟಿಕ್ 0ಡಬ್ಲ್ಯು-40 ಸರಿಯಾದ ಆಯ್ಕೆ. ಆದರೆ ಕಾರಿನ ಎಣ್ಣೆಯನ್ನು ಕಣ್ಣುಮುಚ್ಚಿ ಸುರಿಯಬೇಡಿ. ನಿಮ್ಮ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ, ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಎಣ್ಣೆಯಲ್ಲಿ ಅದು ಜಾರತೊಡಗುತ್ತದೆ. ಇಂಥ ಕ್ಲಚ್ಚಿಗೆ ಒಗ್ಗುತ್ತದೆಂದು ಹೇಳುವ ಜಾಸೊ ಎಂಎ ಅಥವಾ ಎಂಎ2 ಗುರುತು ಇರುವುದನ್ನೇ ಹುಡುಕಿ. 0ಡಬ್ಲ್ಯುವಿನಲ್ಲಿ ಆ ಗುರುತಿನದು ಸಿಗದಿದ್ದರೆ 5ಡಬ್ಲ್ಯು-40 ಹಾಕಿ, ರಾತ್ರಿ ಎಂಜಿನ್ನಿಗೆ ಬಿಸಿ ಕೊಡುವ ಏರ್ಪಾಡು ಮಾಡಿಕೊಳ್ಳಿ.

ಎರಡನೆಯದು ಗ್ರೀಸು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಸಾಮಾನ್ಯ ಲಿಥಿಯಂ ಗ್ರೀಸು ಕಡುಚಳಿಯಲ್ಲಿ ಮೇಣದಂತೆ ಬಿಗಿಯುತ್ತದೆ. ಹ್ಯಾಂಡಲ್ಲಿನ ಬೇರಿಂಗಿನಲ್ಲಿ ಅದು ಬಿಗಿದರೆ ಬೈಕು ನೇರಕ್ಕೆ ಹೋಗಲು ಒಲ್ಲದೆ ಅತ್ತಿತ್ತ ಓಲಾಡುತ್ತದೆ, ಹಿಮದ ಮೇಲೆ ಅದು ಬೀಳಿಸಿಯೇ ಬಿಡಬಹುದು. ಹ್ಯಾಂಡಲ್ಲು, ಎರಡೂ ಚಕ್ರ, ಸ್ವಿಂಗ್ ಆರ್ಮ್, ಹಿಂದಿನ ಸಸ್ಪೆನ್ಷನ್ನಿನ ಕೀಲುಗಳು, ಎಲ್ಲದರ ಹಳೆಯ ಗ್ರೀಸು ತೊಳೆದು ತೆಗೆದು, ಕಡಿಮೆ ಉಷ್ಣಾಂಶಕ್ಕೆಂದೇ ಬರುವ ಸಿಂಥೆಟಿಕ್ ಗ್ರೀಸು ತುಂಬಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೂ ತೆಳುವಾದ ಎಣ್ಣೆ ಬೇಕು. ಇಲ್ಲವಾದರೆ ಬೆಳಗಿನ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಫೋರ್ಕು ಕೆಳಗಿಳಿಯುವುದೇ ಇಲ್ಲ. ಆ ಹೊತ್ತಿನಲ್ಲಿ ಬೈಕನ್ನು ರಸ್ತೆಗುಂಡಿಗೆ ಇಳಿಸಿದರೆ ಗಡುಸಾದ ಸೀಲು ಹರಿದು ಎಣ್ಣೆ ಹೊರಗೆ ಬರುತ್ತದೆ.

ಮೂರನೆಯದು ಕೇಬಲ್ಲುಗಳು. ಆಕ್ಸಿಲರೇಟರ್ ಕೇಬಲ್ ತೆರೆದ ಸ್ಥಿತಿಯಲ್ಲೇ ಹೆಪ್ಪುಗಟ್ಟಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ಕೇಬಲ್ಲನ್ನು ಒಣಗಿಸಿ ಬಳಸುವ ಗೋಜು ಬೇಡ, ಹೊಸದೇ ಹಾಕಿ. ಒಳಪದರವಿರುವ ಕೇಬಲ್ಲಿಗೆ ದಪ್ಪ ಎಣ್ಣೆ ಬೇಡವೇ ಬೇಡ. ಮೇಲಿನ ತುದಿಯ ರಬ್ಬರ್ ಟೊಪ್ಪಿಯಲ್ಲಿ ನೀರು ಇಳಿಯದಂತೆ ಸಿಲಿಕೋನ್ ಗ್ರೀಸು ಸವರಿ ಮುಚ್ಚಿ. ಇನ್ನೊಂದು ಹೊಸ ಆಕ್ಸಿಲರೇಟರ್ ಕೇಬಲ್ಲನ್ನು ಹಾಕಿದ್ದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟರೆ, ಹೆದ್ದಾರಿಯ ಬದಿಯಲ್ಲಿ ಟ್ಯಾಂಕು ಬಿಚ್ಚದೆ ಎರಡೂ ತುದಿ ಬದಲಿಸಿ ಹೊರಡಬಹುದು.

ಬ್ರೇಕ್ ದ್ರವ ಹೊಸದಿರಲಿ. ಮೈನಸ್ 40 ಡಿಗ್ರಿಯಲ್ಲಿ ಡಾಟ್ 4 ದರ್ಜೆಯ ದ್ರವದ ಸ್ನಿಗ್ಧತೆಗೆ (ಹರಿಯಲು ಒಡ್ಡುವ ತಡೆಗೆ) ಇರುವ ಮಿತಿ ಸೆಕೆಂಡಿಗೆ 1800 ಚದರ ಮಿಲಿಮೀಟರ್, ಡಾಟ್ 5.1ಕ್ಕೆ 900. ಅಂದರೆ ಎರಡನೆಯದು ಚಳಿಯಲ್ಲಿ ಹೆಚ್ಚು ಸಲೀಸಾಗಿ ಹರಿಯುತ್ತದೆ. ಎಬಿಎಸ್ ಇದ್ದರೆ ಇದು ಇನ್ನೂ ಮುಖ್ಯ. ಡಾಟ್ 5 ಎಂದಷ್ಟೇ ಬರೆದಿರುವುದು ಸಿಲಿಕೋನಿನದು, ಅದನ್ನು ಬೆರೆಸಬೇಡಿ.

ಕೂಲಂಟಿನಲ್ಲಿ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಮತ್ತು ನೀರು ಅರ್ಧಕ್ಕರ್ಧ ಬೆರೆಸಿದ್ದರೆ ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ನಿಮಗೆ 60 ಭಾಗ ಗ್ಲೈಕಾಲ್, 40 ಭಾಗ ನೀರು ಸರಿ. ಅದಕ್ಕಿಂತ ಹೆಚ್ಚಿಸಿದರೆ ಲಾಭವಿಲ್ಲ. ನೀರೇ ಇಲ್ಲದ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ತಂತಿಮನೆ

ಕೀಲೆಣ್ಣೆ ಅವರು ಯಾಂತ್ರಿಕ ಭಾಗ ಹೇಳಿದರು, ನಾನು ವಿದ್ಯುತ್ತಿನ ಲೆಕ್ಕ ಹೇಳುತ್ತೇನೆ. ಈ ಪ್ರಯಾಣದಲ್ಲಿ ಬೈಕಿನ ಕರೆಂಟು ಎಂದರೆ ನಿಮ್ಮ ಮೈಬಿಸಿ, ಆದ್ದರಿಂದ ಲೆಕ್ಕವನ್ನು ಬಾಯಲ್ಲಿ ಹಾಕದೆ ಕಾಗದದ ಮೇಲೆ ಹಾಕಿ.

ಬಿಸಿಯಾಗುವ ಜಾಕೆಟ್ ಸುಮಾರು 70ರಿಂದ 100 ವಾಟ್, ಕೈಗವಸುಗಳ ಜೋಡಿ 25ರಿಂದ 30, ಹ್ಯಾಂಡಲ್ ಹಿಡಿಗಳು 30ರಿಂದ 40. ಇದರ ಮೇಲೆ ಬಿಸಿ ವೈಸರ್. ಎಲ್ಲ ಸೇರಿ 150 ವಾಟ್ ದಾಟುವುದು ಸುಲಭ. ಫ್ಯೂಯಲ್ ಪಂಪು, ಇಂಜೆಕ್ಷನ್, ಪ್ಲಗ್ಗು, ದೀಪ, ಇವುಗಳ ಪಾಲು ಬೇರೆ. ನಿಮ್ಮ ಆಲ್ಟರ್ನೇಟರ್ ಎಷ್ಟು ವಾಟ್ ಕೊಡುತ್ತದೆ, ಅದನ್ನು ಎಷ್ಟು ಆರ್‌ಪಿಎಂನಲ್ಲಿ ಕೊಡುತ್ತದೆ ಎಂದು ಕೈಪಿಡಿಯಲ್ಲಿ ನೋಡಿ. ಹಿಮದ ದಾರಿಯಲ್ಲಿ ನೀವು ಕಡಿಮೆ ವೇಗದಲ್ಲೇ ಹೋಗುವುದರಿಂದ ಪೂರ್ಣ ಉತ್ಪಾದನೆ ಎಂದೂ ಸಿಗುವುದಿಲ್ಲ. ಹ್ಯಾಂಡಲ್ಲಿನ ಮೇಲೆ ಕಣ್ಣಿಗೆ ಬೀಳುವಂತೆ ಒಂದು ವೋಲ್ಟ್ ಮೀಟರ್ ಹಾಕಿ. ಓಡುವಾಗ 13.5ಕ್ಕಿಂತ ಕೆಳಗೆ ನಿಂತುಬಿಟ್ಟರೆ ಏನನ್ನಾದರೂ ಆರಿಸಬೇಕು.

ಹೆಡ್‌ಲೈಟನ್ನು ಎಲ್‌ಇಡಿಗೆ ಬದಲಿಸಿ ವಾಟ್ ಉಳಿಸುವ ಸಲಹೆ ನಿಮಗೆ ಖಂಡಿತ ಬರುತ್ತದೆ. ಒಪ್ಪುವ ಮೊದಲು ಒಂದು ವಿಷಯ ತಿಳಿದಿರಲಿ: ಹ್ಯಾಲೊಜನ್ ಬಲ್ಬಿನ ಬಿಸಿ ಗಾಜಿನ ಮೇಲೆ ಕೂತ ಹಿಮವನ್ನು ಕರಗಿಸುತ್ತದೆ. ಎಲ್‌ಇಡಿಯ ಮುಂಭಾಗ ತಣ್ಣಗೇ ಇರುತ್ತದೆ, ಸುರಿಯುವ ಹಿಮದಲ್ಲಿ ಮುಚ್ಚಿಹೋಗುತ್ತದೆ.

ಬ್ಯಾಟರಿ ಎಜಿಎಂ ಮಾದರಿಯ (ಗಾಜಿನೆಳೆಯ ಪದರ ಆಮ್ಲವನ್ನು ಹೀರಿಟ್ಟುಕೊಂಡಿರುವ) ಸೀಸದ್ದೇ ಇರಲಿ, ಹೊಸದಿರಲಿ. ಕಡುಚಳಿಯಲ್ಲಿ ಅದರ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಎಂಜಿನ್ ತಿರುಗಿಸಲು ಬೇಕಾದ ಬಲ ಅದೇ ಹೊತ್ತಿಗೆ ಏರುತ್ತದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯ ಆಮ್ಲ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 10ರ ಹತ್ತಿರವೇ ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತದೆ. ಹಾಗಾಗಿ ಬೆಳಿಗ್ಗೆ ಸ್ಟಾರ್ಟರ್ ಒತ್ತಿ ಒತ್ತಿ ಬ್ಯಾಟರಿ ಬರಿದು ಮಾಡಿ, ಹಾಗೆಯೇ ಹೊರಗೆ ಬಿಟ್ಟು ಬರುವುದು ತೀರಾ ಕೆಟ್ಟ ಕೆಲಸ.

ಉತ್ತರಮುಖಿ

ತಂತಿಮನೆ ಅವರೇ, ಲಿಥಿಯಂ ಬ್ಯಾಟರಿಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಕೇ? ಹಗುರ, ಒಂದೇ ಕೈಯಲ್ಲಿ ಕಳಚಿ ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಬಹುದು. ಬೆಚ್ಚಗಿರುವಾಗ ಅದು ಕೊಡುವ ಕರೆಂಟು ಸೀಸದ ಬ್ಯಾಟರಿಗಿಂತ ಜೋರು.

ತಂತಿಮನೆ

ಉತ್ತರಮುಖಿ ಅವರೇ, ಸ್ಟಾರ್ಟ್ ಮಾಡುವ ಮಟ್ಟಿಗೆ ನಿಮ್ಮ ಮಾತು ಸರಿ. ತೊಂದರೆ ಅದರ ನಂತರ ಶುರುವಾಗುತ್ತದೆ. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಕೋಶಕ್ಕೆ ಚಾರ್ಜ್ ತುಂಬಿದರೆ ಲಿಥಿಯಂ ಒಳಗಿನ ಪದರದ ಮೇಲೆ ಲೋಹವಾಗಿ ಕೂರುತ್ತದೆ. ಆ ಹಾನಿ ಮರಳಿ ಸರಿಯಾಗುವುದಿಲ್ಲ. ನೀವು ರಾತ್ರಿಯೆಲ್ಲ ಬೆಚ್ಚಗಿಟ್ಟ ಬ್ಯಾಟರಿ ಹಗಲೆಲ್ಲ ಮೈನಸ್ 20ರ ಗಾಳಿಯಲ್ಲಿ ತಣ್ಣಗಾಗುತ್ತಲೇ ಇರುತ್ತದೆ, ಆಲ್ಟರ್ನೇಟರ್ ಅದಕ್ಕೆ ಚಾರ್ಜ್ ತಳ್ಳುತ್ತಲೇ ಇರುತ್ತದೆ. ವಾರಾಂತ್ಯದ ಸವಾರಿಗೆ ನಾನು ತಕರಾರು ಮಾಡುತ್ತಿರಲಿಲ್ಲ. ಜನವಸತಿಯಿಂದ ದೂರವಿರುವ ದಾರಿಗೆ ಒಪ್ಪಲಾರೆ. ಕಳಚಿ ಒಳಗೆ ಒಯ್ಯುವ ನಿಮ್ಮ ಉಪಾಯ ಒಳ್ಳೆಯದು, ಅದನ್ನು ಎಜಿಎಂ ಬ್ಯಾಟರಿಗೂ ಮಾಡಬಹುದು. ಟರ್ಮಿನಲ್ಲಿನ ಬೋಲ್ಟು ತೆಗೆದು, ಕೈಗವಸು ತೊಟ್ಟೇ ಎಳೆದು ಹಾಕಬಹುದಾದ ದಪ್ಪ ಪ್ಲಗ್ಗನ್ನು ಜೋಡಿಸಿಕೊಂಡರೆ ಸಾಕು.

ಇನ್ನೊಂದು ಮಾತು. ಹೊಸದಾಗಿ ಎಳೆಯುವ ವೈರುಗಳಿಗೆ ಸಿಲಿಕೋನ್ ಹೊದಿಕೆ ಇರಲಿ. ಪಿವಿಸಿ ಹೊದಿಕೆ ಕಡುಚಳಿಯಲ್ಲಿ ಬಾಗದು, ಬಗ್ಗಿಸಿದರೆ ಬಿರಿಯುತ್ತದೆ. ಪ್ಲಾಸ್ಟಿಕ್ ಟೈ ಪಟ್ಟಿಗಳದ್ದೂ ಅದೇ ಕಥೆ, ಎಳೆದ ಕೂಡಲೇ ಪಟ್ಟೆಂದು ಮುರಿಯುತ್ತವೆ. ಮೆತ್ತನೆಯ ತಂತಿ ಮತ್ತು ಬಟ್ಟೆಯ ಪಟ್ಟಿ ಒಯ್ಯಿರಿ.

ಉತ್ತರಮುಖಿ

ವಿವರಣೆ ಒಪ್ಪಿದೆ, ಲಿಥಿಯಂ ಮಾತು ಹಿಂತೆಗೆದುಕೊಂಡೆ.

ಕೀಲೆಣ್ಣೆ ಅವರು ಹೆಸರಿಸಿ ಬಿಟ್ಟ ಬ್ರೀದರ್ ಕೊಳವೆಯ ಬಗ್ಗೆ ವಿಸ್ತಾರವಾಗಿ ಹೇಳಲೇಬೇಕು. ಎಂಜಿನ್ನನ್ನೇ ಕೊಲ್ಲಬಲ್ಲ ಸಂಗತಿ ಅದು.

ಪೆಟ್ರೋಲು ಉರಿದಾಗ ನೀರಾವಿ ಹುಟ್ಟುತ್ತದೆ. ಅದರ ಒಂದಷ್ಟು ಪಾಲು ಪಿಸ್ಟನ್ ಉಂಗುರಗಳ ಪಕ್ಕದಿಂದ ನುಸುಳಿ ಎಂಜಿನ್ನಿನ ಕೆಳಗಿನ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್ ಕೇಸಿಗೆ, ಇಳಿಯುತ್ತದೆ. ಬೇಸಿಗೆಯಲ್ಲಿ ಎಣ್ಣೆ ಚೆನ್ನಾಗಿ ಕಾದು ಅದು ಆವಿಯಾಗಿ ಹೊರಟುಹೋಗುತ್ತದೆ. ಮೈನಸ್ 25ರ ಗಾಳಿ ಬಡಿಯುವಾಗ ಎಣ್ಣೆ ಅಷ್ಟು ಕಾಯುವುದೇ ಇಲ್ಲ. ನೀರು ಎಣ್ಣೆಯೊಂದಿಗೆ ಬೆರೆತು ಬಿಳಿ ಜಿಡ್ಡುನೊರೆಯಾಗುತ್ತದೆ, ಎಣ್ಣೆ ಹಾಕುವ ಮುಚ್ಚಳದ ಒಳಗೆ ಅದು ಕಾಣಿಸುತ್ತದೆ. ಇನ್ನೊಂದಷ್ಟು ಆವಿ ಬ್ರೀದರ್ ಕೊಳವೆ ಹತ್ತಿ ಹೊರಡುತ್ತದೆ, ತಣ್ಣನೆಯ ಬಾಯಿಯ ಹತ್ತಿರ ಮಂಜುಗಡ್ಡೆಯಾಗಿ ಕೂರುತ್ತದೆ. ಗಂಟೆಗಟ್ಟಲೆ ಓಡಿದಂತೆ ಆ ಬಿರಡೆ ಬೆಳೆದು ಕೊಳವೆಯನ್ನು ಮುಚ್ಚುತ್ತದೆ. ಒಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ: ಎಣ್ಣೆ ಸೀಲನ್ನು ನೂಕಿ ಹಾಕುತ್ತದೆ, ಎಣ್ಣೆಯೆಲ್ಲ ಹೊರಗೆ ಚೆಲ್ಲುತ್ತದೆ. ಸವಾರನಿಗೆ ಗೊತ್ತಾಗುವುದು ಹಿಂದಿನ ಟೈರಿಗೆ ಎಣ್ಣೆ ತಾಗಿ ಜಾರಿದಾಗ.

ಪರಿಹಾರ ಸರಳ. ಕೊಳವೆಯ ಉದ್ದಕ್ಕೂ ಪೈಪುಗಳಿಗೆ ತೊಡಿಸುವ ಫೋಮ್ ಹೊದಿಕೆ ಹಾಕಿ. ಆದಷ್ಟು ಅದು ಸಿಲಿಂಡರಿನ ಬಿಸಿಯ ಪಕ್ಕದಲ್ಲೇ ಹಾದುಹೋಗಲಿ. ಎಂಜಿನ್ನಿಗೆ ಅತಿ ಹತ್ತಿರ, ಸದಾ ಬಿಸಿ ಇರುವ ಜಾಗದಲ್ಲಿ, ಕೊಳವೆಯ ಕೆಳಮೈಗೆ ಒಂದು ಸಣ್ಣ ಸೀಳು ಕೊಡಿ. ತುದಿ ಮುಚ್ಚಿದರೂ ಒತ್ತಡ ಆ ಸೀಳಿನಿಂದ ಹೊರಬೀಳುತ್ತದೆ. ಪ್ರತಿ ಸಂಜೆ ಕೊಳವೆಯ ಬಾಯಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಧೂಳಿನ ಕಾಲಕ್ಕೆ ಮತ್ತೆ ಇಡಿಯ ಕೊಳವೆ ಹಾಕಬೇಕು ಎಂಬುದು ನೆನಪಿರಲಿ. ಜಿಡ್ಡುನೊರೆ ಹೆಚ್ಚಾದಂತೆ ಕಂಡರೆ ಎಣ್ಣೆ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ.

ಎಂಜಿನ್ ಬಿಸಿ ಉಳಿಸಲು ರೇಡಿಯೇಟರಿನ ಮುಂದೆ ತಡೆ ಬೇಕು. ಮೂರರಲ್ಲಿ ಎರಡು ಪಾಲು ಮುಚ್ಚಿ ಶುರು ಮಾಡಿ, ಉಷ್ಣಾಂಶದ ಮುಳ್ಳು ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಕೈಗವಸಿನಲ್ಲೇ ತೆಗೆದು ಹಾಕುವಂತಿರಲಿ. ಊರೊಳಗಿನ ಸಂಚಾರದಲ್ಲಿ ಸಿಕ್ಕಿಕೊಂಡಾಗ, ಆಳವಾದ ಹಿಮದಲ್ಲಿ ಎಳೆದಾಡುವಾಗ, ಅದೇ ತಡೆ ಎಂಜಿನ್ನನ್ನು ಕುದಿಸಬಲ್ಲದು.

ಕೀಲೆಣ್ಣೆ

ಉತ್ತರಮುಖಿ ಅವರು ಹೇಳಿದ್ದು ಅಕ್ಷರಶಃ ನಿಜ. ಈ ಬ್ರೀದರ್ ವಿಷಯವನ್ನು ದೂರದಾರಿ ಅವರು ದಯವಿಟ್ಟು ಮೊದಲ ದಿನವೇ ಮಾಡಿ ಮುಗಿಸಲಿ.

ಕಾರ್ಬುರೇಟರ್ ಇರುವ ಬೈಕಿನವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟುವುದು ಹೆಚ್ಚಾಗಿ ಸೊನ್ನೆಯಿಂದ 10 ಡಿಗ್ರಿಯವರೆಗಿನ ಒದ್ದೆ ಹವೆಯಲ್ಲಿ. ಮೈನಸ್ 25ರ ಗಾಳಿಯಲ್ಲಿ ಕಟ್ಟುವಷ್ಟು ತೇವವೇ ಇರುವುದಿಲ್ಲ. ಅಂದರೆ ಈ ತೊಂದರೆ ಕಾಡುವುದು ನೀವು ಚಳಿಯ ನಾಡಿಗೆ ಹೋಗುವ ದಾರಿಯಲ್ಲಿ ಮತ್ತು ಬರುವ ದಾರಿಯಲ್ಲಿ. ರಸ್ತೆಯ ಉಪ್ಪಿನದ್ದೂ ಹಾಗೆಯೇ. ಮಾಮೂಲಿ ಉಪ್ಪು ಮೈನಸ್ 10ರ ಆಚೆಗೆ ಹೆಚ್ಚು ಕೆಲಸ ಮಾಡದು, ಅದನ್ನು ಸುರಿಯುವುದು ಸೊನ್ನೆಯ ಸುತ್ತಲಿನ ಪ್ರದೇಶಗಳಲ್ಲಿ. ಬೈಕನ್ನು ತಿನ್ನುವುದು ಆ ಉಪ್ಪುನೀರು. ಹೊರಡುವ ಮುನ್ನ ಬೋಲ್ಟು, ಕನೆಕ್ಟರು, ಚೌಕಟ್ಟಿನ ಒಳಮೈ, ಎಲ್ಲಕ್ಕೂ ತುಕ್ಕು ತಡೆಯುವ ಲ್ಯಾನೊಲಿನ್ ಅಥವಾ ಮೇಣದ ಸಿಂಪಡಣೆ ಹೊಡೆಯಿರಿ. ಬ್ರೇಕ್ ಡಿಸ್ಕಿಗೆ ಮಾತ್ರ ತಾಗಬಾರದು.

ದೂರದಾರಿ

ಎಲ್ಲರಿಗೂ ತುಂಬ ಕೃತಜ್ಞತೆಗಳು. ಬ್ರೀದರ್ ಕೊಳವೆಯ ವಿಚಾರ ನಾನು ಎಲ್ಲಿಯೂ ಓದಿರಲಿಲ್ಲ. ಟೈರಿನ ಬಗ್ಗೆ ಯಾರೂ ಹೇಳಲಿಲ್ಲ. ಮೊಳೆ ಹೊಡೆದ ಟೈರು ಬೇಕೇ, ಅಥವಾ ಒರಟು ಅಚ್ಚಿನ ಆಫ್‌ರೋಡ್ ಟೈರು ಸಾಕೇ?

ಪಕ್ಕಗಾಡಿ

ನಾನು ಪಕ್ಕಗಾಡಿ (ಸೈಡ್‌ಕಾರ್) ಜೋಡಿಸಿದ ಬೈಕು ಓಡಿಸುವವನು, ನನ್ನ ಹೆಸರೇ ಅದನ್ನು ಹೇಳುತ್ತದೆ. ಮೂರನೆಯ ಚಕ್ರವಿದ್ದರೆ ಮಂಜುಗಡ್ಡೆಯ ಮೇಲೆ ಬೀಳುವ ಭಯವಿಲ್ಲ, ನಿಧಾನಕ್ಕೆ ಹೋಗಬಹುದು, ಸಾಮಾನಿಗೂ ಜಾಗ. ಜರ್ಮನಿಯ ಎಲೆಫಾಂಟೆನ್‌ಟ್ರೆಫೆನ್ ಚಳಿಗಾಲದ ಮೇಳ 1956ರಲ್ಲಿ ಶುರುವಾದಾಗ ಸೇರಿದವರು ತ್ಸುಂಡಾಪ್ ಕಂಪನಿಯ ಕೆಎಸ್ 601 ಪಕ್ಕಗಾಡಿ ಬೈಕುಗಳ ಸವಾರರು. ಈಗ ಬವೇರಿಯಾದ ಕಾಡಿನಲ್ಲಿ ನಡೆಯುವ ಅದೇ ಮೇಳಕ್ಕೆ ಇಂದಿಗೂ ಪಕ್ಕಗಾಡಿಗಳು ಬರುತ್ತವೆ. ನಿಮ್ಮ ಬೈಕಿಗೆ ಜೋಡಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಅದನ್ನು ಓಡಿಸುವುದನ್ನು ಹೊಸದಾಗಿ ಕಲಿಯಬೇಕು. ಎರಡು ಚಕ್ರದಲ್ಲಿ ಹೋಗುವವರ ಟೈರಿನ ಬಗ್ಗೆ ಮಾತ್ರ ಕಂಡದ್ದನ್ನು ಹೇಳುತ್ತೇನೆ.

ಟೈರಿನ ಅಚ್ಚಿಗಿಂತ ಅದರ ರಬ್ಬರು ಮುಖ್ಯ. ಆಫ್‌ರೋಡ್ ಟೈರಿನ ದಪ್ಪ ಗಂಟುಗಳು ಹೊಸ ಹಿಮವನ್ನು ಕಚ್ಚುತ್ತವೆ, ಆದರೆ ಬೇಸಿಗೆಯ ರಬ್ಬರು ಮೈನಸ್ 20ರಲ್ಲಿ ಗಡುಸಾಗಿ, ತುಳಿದು ನುಣುಪಾದ ಹಿಮದ ಮೇಲೆ ಜಾರುತ್ತದೆ. ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ, ಅದು ಹಿಮದ ಮೇಲೆ ಪರೀಕ್ಷೆಗೊಳಗಾದ ಟೈರು. ನಿಮ್ಮ ಅಳತೆಯಲ್ಲಿ ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ಮೊಳೆಗಳು ಬರಿಯ ಮಂಜುಗಡ್ಡೆಗೆ ಅದ್ಭುತ, ಒಣ ಡಾಂಬರಿಗೆ ಅಪಾಯ. ಅಲ್ಲಿ ರಬ್ಬರಿನ ಬದಲು ಲೋಹ ನೆಲಕ್ಕೆ ತಾಗುತ್ತದೆ, ಬ್ರೇಕ್ ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ. ಕಾನೂನನ್ನೂ ನೋಡಬೇಕು. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಚಳಿಗಾಲಕ್ಕೆ ಮೊಳೆ ಟೈರಿಗೆ ಅನುಮತಿಯಿದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ನಿಷಿದ್ಧ. ದಾರಿಯಲ್ಲಿ ಗಡಿ ದಾಟುವುದಿದ್ದರೆ ಪ್ರತಿ ದೇಶದ ನಿಯಮವನ್ನೂ ಓದಿಕೊಳ್ಳಿ.

ಗಾಳಿಯ ಒತ್ತಡವನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿ ಮರೆತರೆ ಆಗದು. 20 ಡಿಗ್ರಿಯಲ್ಲಿ 36 ಪಿಎಸ್‌ಐ ಇದ್ದದ್ದು ಮೈನಸ್ 20ರಲ್ಲಿ ಸುಮಾರು 29ಕ್ಕೆ ಇಳಿಯುತ್ತದೆ. ಹೊರಗೆ ನಿಂತು, ತಣ್ಣಗಾದ ಟೈರಿನಲ್ಲೇ ಅಳೆದು ಸರಿಪಡಿಸಿ. ಕೈಪಂಪು ಒಯ್ಯಿರಿ, ಅನಿಲದ ಸಣ್ಣ ಸಿಲಿಂಡರುಗಳನ್ನು ಈ ಚಳಿಯಲ್ಲಿ ನಂಬಬೇಡಿ. ಟ್ಯೂಬು ಟೈರಾದರೆ ಇನ್ನೂ ಕಷ್ಟ: ಮೈನಸ್ 30ರಲ್ಲಿ ಟೈರಿನ ಅಂಚು ಮರದ ಹಾಗೆ ಬಿರುಸಾಗಿ ರಿಮ್ಮಿನಿಂದ ಏಳುವುದೇ ಇಲ್ಲ, ಅಂಟು ಒಣಗುವುದಿಲ್ಲ. ತೇಪೆಯ ನಂಬಿಕೆಯ ಮೇಲೆ ಹೊರಡದೆ ಹೊಸ ದಪ್ಪ ಟ್ಯೂಬು ಹಾಕಿ ಹೊರಡಿ.

ಕೊನೆಗೊಂದು: ಮೈನಸ್ 25ರ ಒಣ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ ಒದ್ದೆ ಮಂಜುಗಡ್ಡೆ ಹೆಚ್ಚು ಜಾರುತ್ತದೆ. ಮಧ್ಯಾಹ್ನ ಬಿಸಿಲೇರಿ ಚಳಿ ಕಡಿಮೆಯಾಯಿತೆಂದು ವೇಗ ಹೆಚ್ಚಿಸಬೇಡಿ.

ಶುಶ್ರೂಷೆ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಬೈಕೂ ಓಡಿಸುತ್ತೇನೆ. ದೂರದಾರಿ ಅವರು ಯಂತ್ರದ ಮಾತು ಕೇಳಿದ್ದಾರೆ, ಆದರೂ ಬೈಕಿನ ತಯಾರಿಯಲ್ಲಿ ಸವಾರನ ಕೈಬೆರಳುಗಳೂ ಸೇರಿವೆ. ಬೆರಳು ಮರಗಟ್ಟಿದರೆ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ.

ಗಾಳಿಯ ಪರಿಣಾಮ ಎಷ್ಟೆಂದು ಅಂಕಿಯಲ್ಲಿ ನೋಡಿ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ತೆರೆದ ಚರ್ಮಕ್ಕೆ ತಟ್ಟುವ ಚಳಿ ಮೈನಸ್ 35ರದ್ದು, 80ರ ವೇಗದಲ್ಲಿ ಮೈನಸ್ 38ರದ್ದು. ಮೈನಸ್ 30ರಲ್ಲಿ 80ರ ವೇಗ ಹಿಡಿದರೆ ಮೈನಸ್ 52. ಇದರಿಂದ ಎರಡು ವಿಷಯ ತಿಳಿಯುತ್ತದೆ. ವೇಗ ಸ್ವಲ್ಪ ತಗ್ಗಿಸಿದರೆ ಸಿಗುವ ಲಾಭ ಚಿಕ್ಕದು. ಗಾಳಿಯನ್ನೇ ತಡೆದರೆ ಸಿಗುವ ಲಾಭ ಬಹಳ ದೊಡ್ಡದು. ಆದ್ದರಿಂದ ಬಿಸಿ ಕೈಗವಸಿಗಿಂತ ಮೊದಲು ಹ್ಯಾಂಡಲ್ಲಿನ ಎರಡೂ ತುದಿಗೆ ಕೈ ತೂರಿಸುವ ಗೂಡುಚೀಲ ಹಾಕಿಸಿ. ಅದರೊಳಗೆ ಬಿಸಿ ಹಿಡಿ ಇದ್ದರೆ ತೆಳು ಉಣ್ಣೆಯ ಕೈಗವಸಿನಲ್ಲೂ ಬೆರಳಾಡಿಸಬಹುದು. ಎತ್ತರದ ಗಾಳಿತಡೆ, ಮೊಣಕಾಲಿಗೆ ಮರೆ, ಇವು ಕರೆಂಟು ಕೇಳುವುದಿಲ್ಲ, ಕೆಡುವುದೂ ಇಲ್ಲ. ಗೂಡುಚೀಲ ಬ್ರೇಕಿನ ಹಿಡಿಯನ್ನು ಒತ್ತಿ ಹಿಡಿಯುತ್ತಿಲ್ಲವೇ ಎಂದು ಜೋರು ವೇಗದಲ್ಲಿ ಪರೀಕ್ಷಿಸಿ.

ಹತ್ತಿ ಬಟ್ಟೆ ಮೈಗೆ ತಾಗಬಾರದು. ಅದು ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಪದರ. ಹಿಮದಲ್ಲಿ ಬೈಕು ತಳ್ಳುವ ಮೊದಲು ಒಂದು ಪದರ ತೆಗೆದಿಡಿ, ಬೆವರಿ ಒದ್ದೆಯಾದ ಮೇಲೆ ಮತ್ತೆ ಕೂತು ಓಡಿಸುವುದು ತುಂಬಾ ಅಪಾಯ. ಬೂಟು ಬಿಗಿಯಾಗಿರಬಾರದು, ಎರಡು ಜೊತೆ ಕಾಲುಚೀಲ ಹಾಕಿ ಬೆರಳು ಕದಲದಿದ್ದರೆ ರಕ್ತ ಹರಿಯುವುದಿಲ್ಲ.

ಚಳಿಗೆ ನೋಯುತ್ತಿದ್ದ ಬೆರಳಿನ ನೋವು ತಾನಾಗಿ ನಿಂತರೆ ಕೂಡಲೇ ಬೈಕು ನಿಲ್ಲಿಸಿ. ಅದು ಹಿಮಗಡಿತದ ಮುನ್ಸೂಚನೆ, ಚರ್ಮ ಬಿಳಿಚಿ ಮೇಣದ ಬಣ್ಣಕ್ಕೆ ತಿರುಗಿರುತ್ತದೆ. ಹಿಮದಿಂದಾಗಲಿ ಕೈಯಿಂದಾಗಲಿ ಉಜ್ಜಬೇಡಿ. 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿ ಬಿಸಿ ಮಾಡಬೇಕು, ಅದೂ ಮತ್ತೆ ಹೆಪ್ಪುಗಟ್ಟದಂತೆ ಕಾಪಾಡಲು ಸಾಧ್ಯವಿರುವ ಜಾಗದಲ್ಲಿ ಮಾತ್ರ. ಮಾತು ತೊದಲುವುದು, ಸಣ್ಣ ಕೆಲಸಕ್ಕೂ ಕೈ ತಡವರಿಸುವುದು, ಕಾರಣವಿಲ್ಲದ ಹಟ, ಇವು ದೇಹದ ಒಳಗಿನ ಉಷ್ಣಾಂಶ 35ಕ್ಕಿಂತ ಇಳಿಯುತ್ತಿರುವುದರ ಲಕ್ಷಣ. ಇದನ್ನು ತಾವೇ ಗುರುತಿಸಿಕೊಳ್ಳುವುದು ಕಷ್ಟ. ಒಬ್ಬರೇ ಹೋಗುತ್ತಿದ್ದೀರಾ, ಜೊತೆಗೆ ಯಾರಾದರೂ ಇದ್ದಾರೆಯೇ?

ಪೆಟ್ರೋಲು ತುಂಬಿಸುವಾಗ ಎಚ್ಚರ. ಮೈನಸ್ 30ರ ಪೆಟ್ರೋಲು ದ್ರವವಾಗಿಯೇ ಇರುತ್ತದೆ, ಆದರೆ ಬರಿಗೈ ಮೇಲೆ ಚೆಲ್ಲಿದರೆ ಆ ತಂಪೂ ಆವಿಯಾಗುವ ತಂಪೂ ಸೇರಿ ಚರ್ಮವನ್ನು ಕ್ಷಣದಲ್ಲಿ ಸುಡುತ್ತದೆ. ಅದಕ್ಕೆಂದೇ ರಬ್ಬರಿನ ಕೈಗವಸು ಬೇರೆ ಇಟ್ಟುಕೊಳ್ಳಿ.

ದೂರದಾರಿ

ಶುಶ್ರೂಷೆ ಅವರೇ, ನೀವು ಕೇಳಿದ್ದು ಒಳ್ಳೆಯದಾಯಿತು. ಒಬ್ಬನೇ ಹೋಗುವ ಯೋಚನೆಯಿತ್ತು. ಇದನ್ನೆಲ್ಲ ಓದಿದ ಮೇಲೆ, ಬರುತ್ತೇನೆ ಎಂದು ಹೇಳುತ್ತಿದ್ದ ಗೆಳೆಯನನ್ನು ಜೊತೆಗೆ ಕರೆದುಕೊಂಡೇ ಹೊರಡಲು ತೀರ್ಮಾನಿಸಿದ್ದೇನೆ. ಅವನ ಬೈಕಿಗೂ ಇದೇ ತಯಾರಿ.

ಇನ್ನು ಉಳಿದದ್ದು ಬೆಳಗಿನ ಪ್ರಶ್ನೆ. ಕರೆಂಟು ಸಿಗುವ ಕಡೆ ಏನು ಮಾಡಬೇಕು, ಸಿಗದ ಕಡೆ ಏನು ಮಾಡಬೇಕು?

ಉತ್ತರಮುಖಿ

ಬೆಳಗಿನ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ನಿಲ್ಲಿಸುವ ಮುಂಚಿನ ಕೊನೆಯ ಕಿಲೋಮೀಟರಿನಲ್ಲಿ ಎರಡೂ ಬ್ರೇಕನ್ನು ಹಗುರವಾಗಿ ಹಿಡಿದು ಡಿಸ್ಕು ಒಣಗಿಸಿ, ಇಲ್ಲದಿದ್ದರೆ ಪ್ಯಾಡು ಡಿಸ್ಕಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಟ್ಯಾಂಕು ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗವಿದ್ದರೆ ಅಲ್ಲಿನ ಗಾಳಿಯ ತೇವ ಹನಿಯಾಗಿ ತಳ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ, ಇಂಧನಕ್ಕೆಂದೇ ಮಾಡಿದ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿದರೆ ಆ ಹನಿ ಹೆಪ್ಪುಗಟ್ಟದೆ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಚಳಿಯ ನಾಡು ತಲುಪುವ ಹೊತ್ತಿಗೆ ಊರಿನಿಂದ ತುಂಬಿ ತಂದ ಪೆಟ್ರೋಲು ಮುಗಿದಿರಲಿ. ಅಲ್ಲಿನ ಚಳಿಗಾಲದ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶ ಹೆಚ್ಚಿರುತ್ತದೆ, ತಣ್ಣನೆಯ ಎಂಜಿನ್ ಅದರಲ್ಲಿ ಬೇಗ ಹೊತ್ತಿಕೊಳ್ಳುತ್ತದೆ. ಚಕ್ರಗಳ ಕೆಳಗೆ ಹಲಗೆ ಇಡಿ, ಬಿಸಿ ಟೈರು ಹಿಮ ಕರಗಿಸಿಕೊಂಡು ನೆಲಕ್ಕೆ ಅಂಟದಿರಲಿ. ಬೈಕಿಗೆ ನೆಲ ಮುಟ್ಟುವ ಹೊದಿಕೆ ಹಾಕಿ.

ಕರೆಂಟು ಇದ್ದಲ್ಲಿ ಎಣ್ಣೆ ತೊಟ್ಟಿಯ ಅಡಿಗೆ ಅಂಟಿಸುವ ಸಿಲಿಕೋನ್ ಹೀಟರ್ ಪ್ಯಾಡು ಸಾಕು. ಎರಡು ಮೂರು ಗಂಟೆ ಮೊದಲು ಹಚ್ಚಿ. ಕರೆಂಟು ಇಲ್ಲದಲ್ಲಿ ಕೆಲವರು ಹಳೆಯ ವಿಮಾನ ಚಾಲಕರ ಹಾಗೆ ರಾತ್ರಿ ಬಿಸಿ ಎಣ್ಣೆಯನ್ನೇ ಡಬ್ಬಿಗೆ ಇಳಿಸಿ ಒಳಗೆ ಒಯ್ಯುತ್ತಾರೆ, ಬೆಳಿಗ್ಗೆ ಕಾಯಿಸಿ ಸುರಿಯುತ್ತಾರೆ. ಕೆಲಸ ಮಾಡುತ್ತದೆ, ಆದರೆ ಕೊಳಕು ಮತ್ತು ನಿಧಾನ. ಹೊದಿಕೆಯೊಳಗೆ ಸ್ಟೌವಿನ ಬಿಸಿಗಾಳಿಯನ್ನು ಲೋಹದ ಕೊಳವೆಯಿಂದ ಎಂಜಿನ್ನಿನ ಅಡಿಗೆ ಹಾಯಿಸುವವರೂ ಇದ್ದಾರೆ. ಸ್ಟೌವು ಹೊದಿಕೆಯ ಹೊರಗಿರಬೇಕು, ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು, ಪೆಟ್ರೋಲು ಸೋರಿಕೆ ಇಲ್ಲವೆಂದು ಮೊದಲು ನೋಡಬೇಕು. ಡೇರೆಯೊಳಗೆ ಸ್ಟೌವನ್ನಾಗಲಿ ಎಂಜಿನ್ನನ್ನಾಗಲಿ ಹಚ್ಚಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಶಾಖ ಕೊಟ್ಟ ಮೇಲೆ, ಬೆಚ್ಚಗಿನ ಬ್ಯಾಟರಿ ಹಾಕಿ, ಕ್ಲಚ್ಚು ಹಿಡಿದು ಸ್ಟಾರ್ಟ್ ಮಾಡಿ. ಹೊತ್ತಿಕೊಂಡ ಎಂಜಿನ್ನನ್ನು ಬಿಸಿಯಾಗುವ ಮುನ್ನ ಆರಿಸಬೇಡಿ.

ದೂರದಾರಿ

ಅದೇಕೆ ಆರಿಸಬಾರದು? ಒಮ್ಮೆ ಹೊತ್ತಿಕೊಂಡು ತಾನಾಗಿ ಆರಿದರೆ ಮತ್ತೆ ಒತ್ತಿದರಾಯಿತಲ್ಲವೇ?

ಕೀಲೆಣ್ಣೆ

ಇಲ್ಲ, ಅಲ್ಲೇ ಹೆಚ್ಚಿನವರ ಬೆಳಗು ಹಾಳಾಗುವುದು. ಎಂಜಿನ್ ಎರಡು ಮೂರು ಸಲ ಉರಿದು ನಿಂತರೆ, ಆ ಉರಿಯಲ್ಲಿ ಹುಟ್ಟಿದ ನೀರಾವಿ ಕೊರೆಯುವ ತಣ್ಣನೆಯ ಪ್ಲಗ್ಗಿನ ತುದಿಗೆ ತಾಗಿ ಅಲ್ಲೇ ಹರಳುಗಟ್ಟುತ್ತದೆ. ಎರಡು ತುದಿಗಳ ನಡುವೆ ಮಂಜಿನ ಸೇತುವೆ ಕಟ್ಟಿದ ಮೇಲೆ ಕಿಡಿ ಹಾರುವುದಿಲ್ಲ. ಎಷ್ಟು ಒತ್ತಿದರೂ ಬ್ಯಾಟರಿ ಬರಿದಾಗುತ್ತದೆ, ಸಿಲಿಂಡರಿಗೆ ಪೆಟ್ರೋಲು ತುಂಬಿಕೊಳ್ಳುತ್ತದೆ.

ಹಾಗಾದಾಗ ಒತ್ತುವುದನ್ನು ನಿಲ್ಲಿಸಿ ಪ್ಲಗ್ಗು ಬಿಚ್ಚಿ. ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಂಡ ಇನ್ನೊಂದು ಪ್ಲಗ್ಗು ಹಾಕಿ, ಬಿಚ್ಚಿದ್ದನ್ನು ಒಣಗಿಸಿ ಅದೇ ಜೇಬಿಗೆ ಸೇರಿಸಿ. ಪ್ಲಗ್ಗಿನ ಬಾಯಿಗೆ ಸುಲಭವಾಗಿ ಕೈ ಹೋಗುತ್ತದೆಯೇ ಎಂದು ಈಗಲೇ, ದಪ್ಪ ಕೈಗವಸು ತೊಟ್ಟು, ಟ್ಯಾಂಕು ಬಿಚ್ಚುವುದರಿಂದ ಹಿಡಿದು ಪೂರ್ತಿ ಮಾಡಿ ನೋಡಿ. ಯಾವ ಬೋಲ್ಟಿಗೆ ಕೈಗವಸು ತೆಗೆಯಲೇಬೇಕಾಗುತ್ತದೋ ಅದನ್ನು ಬದಲಿಸಿ, ದೊಡ್ಡ ತಲೆಯದ್ದು ಹಾಕಿ. ಸ್ಪ್ಯಾನರುಗಳ ಹಿಡಿಗೆಲ್ಲ ಬಟ್ಟೆಯ ಪಟ್ಟಿ ಸುತ್ತಿಡಿ, ಬರಿಗೈ ತಾಗಿದರೆ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ.